ಮುತ್ತುಗದ ಬೀಜಕ್ಕೆ ಲೆಕ್ಕ ಕೇಳಿದ ಕಾಲ

ಕೊಯಮತ್ತೂರಿನಿಂದ ಪಾಲಕ್ಕಾಡಿನ ಕಡೆಗೆ ಹೊರಟರೆ ನಗರದ ಗದ್ದಲ ಕರಗುವ ಹೊತ್ತಿಗೆ ಮದುಕ್ಕರೈ ಸಿಗುತ್ತದೆ. ಇವತ್ತು ಆ ಹೆಸರು ಕೇಳಿದವರಿಗೆ ನೆನಪಾಗುವುದು 1934ರಲ್ಲಿ ಶುರುವಾದ ಸಿಮೆಂಟು ಕಾರ್ಖಾನೆ, ಅದರ ಸುಣ್ಣಕಲ್ಲಿನ ಗಣಿ, ಸೇನೆಯವರು ಗುಂಡು ಹಾರಿಸಿ ತರಬೇತಿ ಪಡೆಯುವ ಬಯಲು. ಆದರೆ ಈ ಸೀಮೆ ಇವೆಲ್ಲಕ್ಕಿಂತ ಮುಂಚಿನಿಂದ ಒಂದು ದಾರಿಯ ಬಾಗಿಲು. ಪಶ್ಚಿಮ ಘಟ್ಟದ ಉದ್ದನೆಯ ಗೋಡೆ ಇಲ್ಲಿ ಸುಮಾರು 30 ಕಿಲೋಮೀಟರ್ ಅಗಲಕ್ಕೆ ಬಾಯಿ ಬಿಟ್ಟಿದೆ. ಗಾಳಿ, ಸೈನ್ಯ, ರೈಲು, ವ್ಯಾಪಾರಿಗಳು ಎಲ್ಲ ಹಾದುಹೋದದ್ದು ಈ ಪಾಲಕ್ಕಾಡು ಕಂಡಿಯಲ್ಲೇ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಕೂಡ ಕೊಯಮತ್ತೂರು ಸೀಮೆಯನ್ನು ನೋಡಿ ಮುಗಿಸಿ ಮಲಬಾರಿಗೆ ದಾಟಿದ್ದು ಈ ಕಂಡಿಯಿಂದ. ಪೊಳ್ಳಾಚಿಯ ಸಂತೆಯಿಂದ ಕೇರಳಕ್ಕೆ ಹೋಗುವ ದನಗಳಿಗೆ ಇವತ್ತಿಗೂ ಇದೇ ಕಡೆ ದಾರಿ.

ದನ, ಕುರಿ, ಆಡು ನಡೆದ ಕಡೆಯಲ್ಲೆಲ್ಲ ಅವುಗಳ ಹೊಟ್ಟೆಯ ಹುಳುವೂ ನಡೆಯುತ್ತದೆ. ಘಟ್ಟದ ನೆರಳಿನ ಈ ಒಣಸೀಮೆಗೆ ಮುಖ್ಯ ಮಳೆ ಬರುವುದು ಅಕ್ಟೋಬರ್-ನವೆಂಬರ್‌ನಲ್ಲಿ, ಹಿಂಗಾರಿನ ಜೊತೆಗೆ. ಬೇಸಿಗೆಯಿಡೀ ಬಿಸಿಲಿಗೆ ಸುಟ್ಟ ನೆಲ ಆಗ ಹಸಿರಾಗುತ್ತದೆ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆಗಳು ಒಡೆದು, ಮರಿಹುಳುಗಳು ತೇವದ ಹುಲ್ಲಿನ ಗರಿ ಹತ್ತಿ ಕೂರುತ್ತವೆ. ಕುರಿ ಹುಲ್ಲಿನ ಜೊತೆ ಅವನ್ನೂ ಮೇಯುತ್ತದೆ. ಇವುಗಳಲ್ಲಿ ಅತಿ ಕೇಡಿನದು ಹೀಮಾಂಕಸ್ ಕಂಟಾರ್ಟಸ್. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿ ಕೂತು ರಕ್ತ ಹೀರುವ ಹುಳು ಇದು. ಹೆಣ್ಣುಹುಳುವಿನ ರಕ್ತ ತುಂಬಿದ ಕರುಳಿನ ಸುತ್ತ ಬಿಳಿಯ ಗರ್ಭನಾಳ ಸುತ್ತಿಕೊಂಡಿರುವುದರಿಂದ, ಕೆಂಪು-ಬಿಳಿ ದಾರವನ್ನು ಹೊಸೆದಿಟ್ಟಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಕುಡಿಯುವುದು 0.05 ಮಿಲಿಲೀಟರ್ ರಕ್ತ. ಏನೂ ಅಲ್ಲ ಅನ್ನಿಸುತ್ತದೆ. ಆದರೆ 5,000 ಹುಳು ಇದ್ದರೆ ದಿನಕ್ಕೆ ಕಾಲು ಲೀಟರ್. 25 ಕೆ.ಜಿ. ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರಿನಷ್ಟು. ಮೇಲಾಗಿ ಒಂದೊಂದು ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ.

ಈ ಸೀಮೆಯ ಕುರಿ ತಳಿಯನ್ನು ಸರ್ಕಾರದ ಪುಸ್ತಕಗಳು 'ಕೊಯಮತ್ತೂರು' ಎಂದು ಬರೆಯುತ್ತವೆ. ಅದರ ಇನ್ನೊಂದು ಹೆಸರು ಕುರುಂಬೈ. ಸಾಕುವ ಕುರುಂಬರಿಂದ ಬಂದದ್ದು. ತಮಿಳುನಾಡಿನ ಬಯಲುಸೀಮೆಯ ಕುರುಂಬರಲ್ಲಿ ಹಲವರ ಮನೆಮಾತು ಈಗಲೂ ಕನ್ನಡ. ದೇವಾಂಗರು, ಒಕ್ಕಲಿಗರು, ಲಿಂಗಾಯತರ ಜೊತೆ ಸೇರಿ ಕೊಯಮತ್ತೂರು ಜಿಲ್ಲೆಯ ಕನ್ನಡದ ಪಾಲನ್ನು ಹಿಡಿದಿಟ್ಟವರು ಇವರು. ಕುರಿ ಕಾಯುವವರಿಗೆ ಹುಳುವಿನ ಹಾವಳಿ ಗೊತ್ತಾಗುವುದು ಎರಡು ಗುರುತಿನಿಂದ. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಒಳಗಿನ ಚರ್ಮ ಬಿಳಿಚಿಕೊಂಡಿರುತ್ತದೆ. ಗದ್ದದ ಕೆಳಗೆ ನೀರು ತುಂಬಿ ಬಾತಿರುತ್ತದೆ. ಆಗ ಸೊಪ್ಪು ಅರೆದು, ಬಿದಿರಿನ ಗೊಟ್ಟದಲ್ಲಿ ಹಾಕಿ, ಬಾಯಿ ಎತ್ತಿ ಕುಡಿಸುವುದು. ಕುರಿ ಬದುಕಿದರೆ ಮದ್ದು ಫಲಿಸಿತು, ಸತ್ತರೆ ಹೊತ್ತು ಮೀರಿತ್ತು. ಈ ಲೆಕ್ಕದಲ್ಲಿ ಮದ್ದು ಎಂದೂ ಸೋಲುವುದಿಲ್ಲ.

ನಮ್ಮ ಹಳೆಯ ಗ್ರಂಥಗಳ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. ಚಾಲುಕ್ಯರ ಕಾಲದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಅದೇ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಆನೆ, ಕುದುರೆಗಳ ಆರೈಕೆಗೆ ಜಾಗ ಕೊಟ್ಟ. ತಮಿಳು ನಾಡಿನಲ್ಲಿ ಓಲೆಗರಿಯ 'ಮಾಟ್ಟು ವಾಗಡಂ' ಪರಂಪರೆಯೇ ಇದೆ. ಇವುಗಳ ಪಾಂಡಿತ್ಯ ದೊಡ್ಡದು. ಯಾವ ರೋಗಕ್ಕೆ ಯಾವ ಮದ್ದು ಎಂದು ಧೈರ್ಯವಾಗಿ ಹೇಳುತ್ತವೆ. ಆದರೆ ಹತ್ತು ದನಕ್ಕೆ ಕೊಟ್ಟೆ, ಹತ್ತಕ್ಕೆ ಕೊಡಲಿಲ್ಲ, ಆಮೇಲೆ ಏನಾಯಿತು ನೋಡಿದೆ ಎನ್ನುವ ಮಾತು ಆ ಕಾಲದ ಯಾವ ದೇಶದ ಪುಸ್ತಕದಿಂದಲೂ ನಿರೀಕ್ಷಿಸುವಂಥದ್ದಲ್ಲ. ಯುರೋಪಿನ ವೈದ್ಯರೂ 19ನೇ ಶತಮಾನದವರೆಗೆ ಹುಳುವಿನ ಮದ್ದನ್ನು ನಂಬಿಕೆಯ ಮೇಲೆಯೇ ಕೊಡುತ್ತಿದ್ದರು.

1868ರಲ್ಲಿ ಎಡ್ವರ್ಡ್ ವಾರಿಂಗ್ ಸಂಪಾದಿಸಿದ 'ಫಾರ್ಮಕೋಪಿಯ ಆಫ್ ಇಂಡಿಯ' ಹೊರಬಂತು. ಮರುವರ್ಷವೇ ಮದ್ರಾಸಿನ ಟ್ರಿಪ್ಲಿಕೇನ್ ಔಷಧಾಲಯದ ವೈದ್ಯ ಮೊಹಿದೀನ್ ಷರೀಫ್ ಅದಕ್ಕೊಂದು ಪೂರಕ ಸಂಪುಟ ಬರೆದ. ಬಜಾರಿನಲ್ಲಿ ಒಂದೇ ಹೆಸರಿಗೆ ಬೇರೆ ಬೇರೆ ಬೇರು-ಬೀಜ ಮಾರುವ ಗೊಂದಲವನ್ನು ಬಿಡಿಸಲು ಇಷ್ಟು ಪಾಡುಪಟ್ಟವರು ಆಗ ಮತ್ತೊಬ್ಬರಿರಲಿಲ್ಲ ಎಂದರೂ ತಪ್ಪಾಗದು. ಗಿಡ ಯಾವುದು ಎನ್ನುವುದೇ ಖಚಿತವಿಲ್ಲದಿದ್ದರೆ ಅದರ ಪರೀಕ್ಷೆಗೆ ಅರ್ಥವಿಲ್ಲ. ಹುಳುವಿನ ಮದ್ದುಗಳ ಸಾಲಿನಲ್ಲಿ ಆ ಕಾಲದ ಪುಸ್ತಕಗಳು ಮತ್ತೆ ಮತ್ತೆ ಹೆಸರಿಸುವುದು ಮುತ್ತುಗದ ಬೀಜವನ್ನು. ಬೇಸಿಗೆಯ ಬಾಗಿಲಲ್ಲಿ ಎಲೆ ಉದುರಿಸಿ ಕೆಂಡದ ಬಣ್ಣದ ಹೂ ಬಿಡುವ, ನಾವು ಎಲೆ ಕಿತ್ತು ಊಟದೆಲೆ ಹಚ್ಚುವ ಮುತ್ತುಗವೇ ಅದು. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಒಂದು ಬೀಜ. ಆಗ ವಿಜ್ಞಾನಿಗಳು ಅದನ್ನು ಬ್ಯೂಟಿಯ ಫ್ರಾಂಡೋಸ ಎನ್ನುತ್ತಿದ್ದರು, ಈಗ ಬ್ಯೂಟಿಯ ಮಾನೊಸ್ಪರ್ಮ.

ಪರೀಕ್ಷೆ ಎನ್ನುವ ಮಾತಿಗೆ ತೂಕ ಬಂದದ್ದು ಕೊಕ್ಕೆಹುಳುವಿನಿಂದ, ಅದೂ ಮನುಷ್ಯರ ಕೊಕ್ಕೆಹುಳುವಿನಿಂದ. 1880ರಲ್ಲಿ ಆಲ್ಪ್ಸ್ ಪರ್ವತದ ಕೆಳಗೆ ಸೇಂಟ್ ಗಾಟ್‌ಹಾರ್ಡ್ ಸುರಂಗ ತೋಡುತ್ತಿದ್ದ ಇಟಲಿಯ ಕೂಲಿಗಳು ರಕ್ತವಿಲ್ಲದೆ ಬಿಳಿಚಿಕೊಂಡು ಬಿದ್ದಾಗ, ಕಾರಣ ಕೊಕ್ಕೆಹುಳು ಎಂದು ಗೊತ್ತಾಯಿತು. ಟುರಿನ್ನಿನ ಕಮಿಲ್ಲೊ ಬೊಝೊಲೊ ಅದಕ್ಕೆ ಥೈಮಾಲ್ ಕೊಟ್ಟ. ಥೈಮಾಲಿನ ಒಳ್ಳೆಯ ಮೂಲವೊಂದು ನಮ್ಮ ಅಡುಗೆಮನೆಯ ಓಮದಲ್ಲಿದೆ. ಹೊಟ್ಟೆನೋವಿಗೆ ಅಜ್ಜಿ ಜಗಿಯಲು ಕೊಡುವ ಓಮಕಾಳು ಹಡಗು ಹತ್ತಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಹರಳಾಗಿ, ಜಗತ್ತಿಗೆಲ್ಲ ಮಾರಾಟವಾಗುತ್ತಿತ್ತು. 1914ರ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದ ಮೇಲೆಯೇ ಓಮ ಬೆಳೆಯುವ ದೇಶಕ್ಕೆ ತಾನೇ ಥೈಮಾಲ್ ತಯಾರಿಸಬಹುದಲ್ಲ ಎಂಬ ಯೋಚನೆ ಗಟ್ಟಿಯಾಗಿ ಬಂದದ್ದು.

ಅದೇ ಹೊತ್ತಿನಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳುವಿನ ವಿಚಾರಣೆ ನಡೆಯುತ್ತಿತ್ತು. ಅದರ ಹಿಂದಿದ್ದವರು ವಿಚಿತ್ರ ಜೋಡಿ: ವೈದ್ಯ ಕೆ.ಎಸ್. ಮ್ಹಸ್ಕರ್ ಮತ್ತು ಜೆಸ್ಯೂಟ್ ಪಾದ್ರಿ ಜೀನ್ ಫರ್ಡಿನಂಡ್ ಕೇಯಸ್. ಹುಳುಮದ್ದುಗಳ ರಾಸಾಯನಿಕ ರಚನೆಗೂ ಅವುಗಳ ಗುಣಕ್ಕೂ ಏನು ಸಂಬಂಧ ಎಂದು ಕೇಳುವ ಲೇಖನಮಾಲೆಯನ್ನು ಇಬ್ಬರೂ 1920ರ ಆಸುಪಾಸಿನ ವರ್ಷಗಳಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಪ್ರಕಟಿಸಿದರು. ದೇಸಿ ಗಿಡಗಳ ಬಗ್ಗೆ ಇವರಿಗಿದ್ದ ಪ್ರೀತಿ ಸಣ್ಣದಲ್ಲ. ಕೀರ್ತಿಕರ್ ಮತ್ತು ಬಸು ಅವರ 'ಇಂಡಿಯನ್ ಮೆಡಿಸಿನಲ್ ಪ್ಲಾಂಟ್ಸ್' ಗ್ರಂಥವನ್ನು 1930ರ ದಶಕದಲ್ಲಿ ಸಸ್ಯವಿಜ್ಞಾನಿ ಬ್ಲಾಟರ್ ಜೊತೆ ಸೇರಿ ಪರಿಷ್ಕರಿಸಿದವರೂ ಇವರೇ. ಆದರೂ ಪರೀಕ್ಷೆಯಲ್ಲಿ ಪ್ರೀತಿ ಅಡ್ಡ ಬರಲಿಲ್ಲ. ಹಾವಿನ ಕಡಿತಕ್ಕೆ ಮದ್ದೆಂದು ಹೆಸರಾದ 314 ಗಿಡಗಳನ್ನೂ 184 ಮಿಶ್ರಣಗಳನ್ನೂ ಪ್ರಾಣಿಗಳ ಮೇಲೆ ಪರೀಕ್ಷಿಸಿ, ಒಂದೂ ಕೆಲಸ ಮಾಡುವುದಿಲ್ಲ ಎಂದು 1931ರಲ್ಲಿ ಬರೆದರು. ಗಿಡಮದ್ದಿನ ಚರಿತ್ರೆಯಲ್ಲಿ ಇಷ್ಟು ನಿಷ್ಠುರವಾದ, ಇಷ್ಟು ಉಪಕಾರದ ವರದಿ ಕಡಿಮೆ. ಈ ಇಬ್ಬರ ಹೆಸರು ನಮ್ಮ ಶಾಲೆಯ ಪುಸ್ತಕದಲ್ಲಿ ಎಲ್ಲೂ ಇಲ್ಲ ಎನ್ನುವುದು ನನಗೆ ಸೋಜಿಗ.

ಪ್ರಾಣಿಗಳ ಹುಳುವಿನ ಮದ್ದಿಗೆ ಅಳತೆಗೋಲು ಮಾಡಿಕೊಟ್ಟವನು ಅಮೆರಿಕದ ಕೃಷಿ ಇಲಾಖೆಯ ಮಾರಿಸ್ ಹಾಲ್. ಅವನೂ ಫಾಸ್ಟರ್ ಎಂಬ ಸಹೋದ್ಯೋಗಿಯೂ 1918ರಲ್ಲಿ ಪ್ರಕಟಿಸಿದ ಪರೀಕ್ಷೆಯ ಕ್ರಮ ಅಸಹ್ಯ ಹುಟ್ಟಿಸುವಷ್ಟು ಸರಳ. ನಾಯಿಗೆ ಮದ್ದು ಕೊಡುವುದು. ಆಮೇಲೆ ಹಲವು ದಿನ ಅದರ ಮಲವನ್ನೆಲ್ಲ ತೊಳೆದು ಸೋಸಿ ಹೊರಬಿದ್ದ ಹುಳು ಎಣಿಸುವುದು. ಕೊನೆಗೆ ನಾಯಿಯನ್ನು ಕೊಂದು ಕರುಳು ಸೀಳಿ ಒಳಗೆ ಉಳಿದ ಹುಳು ಎಣಿಸುವುದು. ನೂರರಲ್ಲಿ ಎಷ್ಟು ಹೊರಬಂತು? ಅಷ್ಟೇ ಪ್ರಶ್ನೆ. ಅಲ್ಲಿಯವರೆಗೆ ಮಲದಲ್ಲಿ ನಾಲ್ಕು ಹುಳು ಕಂಡರೆ ಮದ್ದಿಗೆ ಶಹಬ್ಬಾಸ್ ಸಿಗುತ್ತಿತ್ತು. ಒಳಗೆ ನಲವತ್ತು ಉಳಿದಿವೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಭೇದಿಯ ರಭಸಕ್ಕೆ ಜಾರಿ ಬಂದದ್ದೋ ಮದ್ದಿಗೆ ಸತ್ತು ಬಂದದ್ದೋ ಎಂದೂ ವಿಚಾರಿಸುತ್ತಿರಲಿಲ್ಲ. ಇದೇ ಅಳತೆಗೋಲು ಹಿಡಿದು ಹಾಲ್ 1921ರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡನ್ನು ಎತ್ತಿ ಹಿಡಿದ. ನಾಯಿಗಳಾದ ಮೇಲೆ ತಾನೇ 3 ಮಿ.ಲೀ. ಕುಡಿದು ನೋಡಿದ. ಅವನು ಬದುಕಿದ, ಆದರೆ ಯಕೃತ್ತಿಗೆ ಅದು ವಿಷ ಎಂಬುದು ತಡವಾಗದೆ ಗೊತ್ತಾಯಿತು.

ಅಡಿಕೆಯ ಕತೆ ಇನ್ನೂ ದೂರದ್ದು. ಕನ್ನಡಿಗರು ಅಡಿಕೆಯ ಬಗ್ಗೆ ಆಡದ ಮಾತಿಲ್ಲ, ಹೂಡದ ವಾದವಿಲ್ಲ. ಅದು ನಾಯಿಯ ಲಾಡಿಹುಳುವಿಗೆ ಮದ್ದು ಎಂಬ ಸಂಗತಿ ಮಾತ್ರ ನಮ್ಮ ತೋಟಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಬೇಟೆನಾಯಿ ಸಾಕುವವರು ಅಡಿಕೆಯನ್ನು ತುರಿದು ಪುಡಿ ಮಾಡಿ ನಾಯಿಗೆ ತಿನ್ನಿಸುತ್ತಿದ್ದರು. 1888ರಲ್ಲಿ ಜರ್ಮನಿಯ ಯಾನ್ಸ್ ಅಡಿಕೆಯಿಂದ ಅರೆಕೋಲಿನ್ ಎಂಬ ಸತ್ವವನ್ನು ಬೇರ್ಪಡಿಸಿದ. ಅದು ಎರಡು ಕಡೆಯಿಂದ ಕೆಲಸ ಮಾಡುತ್ತದೆ: ಲಾಡಿಹುಳುವಿನ ಸ್ನಾಯು ಸೋತು ಹಿಡಿತ ಸಡಿಲವಾಗುತ್ತದೆ, ನಾಯಿಯ ಕರುಳು ಜೋರಾಗಿ ಹಿಂಡಿ ಅದನ್ನು ಹೊರಗೆ ತಳ್ಳುತ್ತದೆ.

ಈ ಸತ್ವಕ್ಕೆ ದೊಡ್ಡ ಕೆಲಸ ಸಿಕ್ಕಿದ್ದು ಕುರಿಗಳ ದೇಶವಾದ ನ್ಯೂಜಿಲೆಂಡಿನಲ್ಲಿ. ನಾಯಿಯ ಕರುಳಿನ ಎಕೈನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮೊಟ್ಟೆ ಕುರಿಯ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆ ಬೆಳೆಯುತ್ತದೆ; ಮನುಷ್ಯನ ಹೊಟ್ಟೆ ಸೇರಿದರೂ ಹಾಗೆಯೇ. ಕುರಿ ಕೊಯ್ದು ಅದರ ಒಳಭಾಗವನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿ. ಐಸ್‌ಲೆಂಡಿನಲ್ಲಿ 1863ರಲ್ಲಿ ಹರಾಲ್ಡ್ ಕ್ರಾಬೆ ನೂರು ನಾಯಿ ಸೀಳಿ ನೋಡಿದಾಗ 28ರಲ್ಲಿ ಈ ಹುಳು ಇತ್ತು. ನ್ಯೂಜಿಲೆಂಡಿನ ಶಸ್ತ್ರವೈದ್ಯ ಲೂಯಿಸ್ ಬಾರ್ನೆಟ್ ವರ್ಷಗಟ್ಟಲೆ ಎಚ್ಚರಿಸಿದ ಮೇಲೆ, 1930ರ ದಶಕದ ಕೊನೆಯಲ್ಲಿ ನಾಯಿಯ ಮಾಲೀಕರಿಗೆ ಅರೆಕೋಲಿನ್ ಹಂಚುವ ಏರ್ಪಾಡಾಯಿತು. ಅದು ಸೋತಿತು. ಮದ್ದು ಸರಿಯಿತ್ತು, ಮಾಲೀಕರು ಕೊಡುತ್ತಿರಲಿಲ್ಲ. ಕೊಟ್ಟರೂ ಮನೆಯಂಗಳದಲ್ಲಿ ನಾಯಿ ಭೇದಿ ಮಾಡುವುದನ್ನು ಸಹಿಸಲು ಯಾರು ತಯಾರು? 1959ರಲ್ಲಿ ಕಾನೂನು ಬಿಗಿಯಾಯಿತು. ಗೊತ್ತುಮಾಡಿದ ಜಾಗಕ್ಕೆ ನಾಯಿಗಳನ್ನು ಕರೆತಂದು, ಸಾಲಾಗಿ ಕಟ್ಟಿ, ಅಧಿಕಾರಿಯ ಎದುರಿನಲ್ಲೇ ಅರೆಕೋಲಿನ್ ಕುಡಿಸಿ, ಹೊರಬಂದದ್ದನ್ನು ಪ್ರಯೋಗಾಲಯಕ್ಕೆ ಕಳಿಸಿ ಹುಳು ಹುಡುಕುತ್ತಿದ್ದರು. ಮದ್ದಾಗಿ ಬಂದದ್ದು ರೋಗ ಪತ್ತೆಯ ಉಪಕರಣವಾಯಿತು. ದಶಕಗಳ ಕಾಲ ಬಿಡದೆ ನಡೆದ ಈ ಕೆಲಸದ ನಡುವೆ ಪ್ರಾಜಿಕ್ವಾಂಟೆಲ್ ಎಂಬ ಹೊಸ ಮದ್ದು ಬಂದು ಅರೆಕೋಲಿನ್ನನ್ನು ಬದಿಗೆ ಸರಿಸಿತು. 2002ರಲ್ಲಿ ನ್ಯೂಜಿಲೆಂಡ್ ತಾನು ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತ ಎಂದು ಘೋಷಿಸಿಕೊಂಡಿತು. ಮದುಕ್ಕರೈಯಿಂದ ಉತ್ತರಕ್ಕೆ ತೊಂಡಾಮುತ್ತೂರಿನ ಕಡೆ ಹೋದರೆ ಘಟ್ಟದ ಬುಡದಲ್ಲಿ ಅಡಿಕೆ ತೋಟಗಳು ಸಿಗುತ್ತವೆ. ಅಲ್ಲಿನ ಅಡಿಕೆಗೆ ಬೆಲೆ ಕಟ್ಟುವವರು ಯಾರೂ ಈ ಗುಣಕ್ಕೆ ಕಾಸು ಕೊಡುವುದಿಲ್ಲ.

ಕೊಯಮತ್ತೂರು ಸೀಮೆಯ ಇನ್ನೊಂದು ಬೆಳೆ ಹೊಗೆಸೊಪ್ಪು. ಅದರ ನಿಕೋಟಿನ್ನನ್ನು ಮೈಲುತುತ್ತದ ಜೊತೆ ಬೆರೆಸಿ ಆಸ್ಟ್ರೇಲಿಯದ ಕುರಿಗಳಿಗೆ ಕುಡಿಸುತ್ತಿದ್ದ ಕಾಲವೂ ಒಂದಿತ್ತು. ಕುರಿಯೂ ಆಗಾಗ ಸಾಯುತ್ತಿತ್ತು. 1966ರ ಹೊತ್ತಿಗೆ ಬೆಲ್ಜಿಯಂನ ಯಾನ್ಸೆನ್ ಕಂಪನಿಯಿಂದ ಬಂದ ಟೆಟ್ರಾಮಿಸೋಲ್, ಅದರ ತಮ್ಮ ಲೆವಾಮಿಸೋಲ್ ಹುಳುವಿನ ನರದಲ್ಲಿ ಹಿಡಿಯುವುದು ನಿಕೋಟಿನ್ ಹಿಡಿಯುವ ಜಾಗವನ್ನೇ. ಅವು ಹೊಗೆಸೊಪ್ಪಿನಿಂದ ಹುಟ್ಟಿದವಲ್ಲ. ಆದರೆ ಹುಳುವಿನ ಆ ಮರ್ಮ ಹೊಗೆಸೊಪ್ಪಿಗೆ ಮೊದಲೇ ಗೊತ್ತಿತ್ತು.

ಇಷ್ಟರ ನಡುವೆ ಎಣಿಕೆಯ ಕೆಲಸ ಹಗುರವಾಗಿತ್ತು. 1939ರಲ್ಲಿ ಸಿಡ್ನಿಯ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಗಾರ್ಡನ್ ಮತ್ತು ವಿಟ್ಲಾಕ್ ಒಂದು ಗಾಜಿನ ಸ್ಲೈಡು ರೂಪಿಸಿದರು. ತೂಕ ಮಾಡಿದ ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಅದರೊಳಗೆ ಬಿಟ್ಟರೆ ಹುಳುವಿನ ಮೊಟ್ಟೆ ತೇಲಿ ಮೇಲೆ ಬರುತ್ತದೆ. ಗೆರೆ ಎಳೆದ ಚೌಕದೊಳಗಿನ ಮೊಟ್ಟೆ ಎಣಿಸಿ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಎಂಬ ಅಂಕಿ ಸಿಗುತ್ತದೆ. ಇನ್ನು ಕುರಿಯನ್ನು ಕೊಲ್ಲಬೇಕಿಲ್ಲ. ಮದ್ದಿಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ನೋಡಿದರೆ ಸಾಕು.

1903ರಲ್ಲಿ ಮದ್ರಾಸಿನ ವೇಪೇರಿಯಲ್ಲಿ ಶುರುವಾದ ಪಶುವೈದ್ಯ ಕಾಲೇಜು ಈ ಹೊತ್ತಿಗೆ ಪರಾವಲಂಬಿ ಹುಳುಗಳ ವಿದ್ಯೆಯಲ್ಲಿ ಹೆಸರು ಮಾಡಿತ್ತು. ದನಗಳ ಮೂಗಿನ ರಕ್ತನಾಳದಲ್ಲಿ ಹುಳು ಸೇರಿ ಉಸಿರು ಕಟ್ಟಿ ಗೊರಗೊರ ಸದ್ದು ಬರಿಸುವ ಗೊರಕೆ ರೋಗದ ಬೆನ್ನು ಹತ್ತಿ, 1933ರಲ್ಲಿ ಅದರ ಜೀವನಚಕ್ರದ ಕತೆ ಬಿಡಿಸಿದವರಲ್ಲಿ ಅಲ್ಲಿನ ಎಂ. ಅನಂತನಾರಾಯಣ ರಾವ್ ಪ್ರಮುಖರು. ಕೆರೆಯ ಬಸವನಹುಳುವಿನ ಮೂಲಕ ಹರಡುವ ಆ ರೋಗಕ್ಕೆ ಆಗ ಕೊಡುತ್ತಿದ್ದುದು ಆಂಟಿಮನಿಯ ಸೂಜಿಮದ್ದು. ಗಿಡಕ್ಕೆ ಅಲ್ಲಿ ಪಾತ್ರವಿರಲಿಲ್ಲ.

ಮುತ್ತುಗದ ಸರದಿ ಬಂದದ್ದು ಕಂಡಿಯ ಆಚೆ ಕಡೆ, ಕೇರಳದಲ್ಲಿ. 1967-68ರಲ್ಲಿ ತಿರುವನಂತಪುರದ ಕಲೇಶ ರಾಜ್ ಮತ್ತು ಪಿ.ಎ. ಕುರುಪ್ ಮುತ್ತುಗದ ಬೀಜದಿಂದ ಹುಳು ಕೊಲ್ಲುವ ಸತ್ವವನ್ನು ಬಿಡಿಸಿಕೊಂಡು ಅದಕ್ಕೆ ಪಲಾಸೋನಿನ್ ಎಂದು ಹೆಸರಿಟ್ಟರು. ಗುಣದ ಜೊತೆಗೆ ಅದರ ವಿಷವನ್ನೂ ಅಳೆದು ಬರೆದರು. 1968ರಲ್ಲಿ ಅದರ ಅಣುರಚನೆ ಗೊತ್ತಾದಾಗ ಬಂದ ಸುದ್ದಿ ವಿಲಕ್ಷಣ. ಚರ್ಮದ ಮೇಲೆ ಹರಿದರೆ ಗುಳ್ಳೆ ಎಬ್ಬಿಸುವ ಜೀರುಂಡೆಗಳ ಮೈಯಲ್ಲಿ ಕ್ಯಾಂಥರಿಡಿನ್ ಎಂಬ ಘೋರ ವಿಷವಿದೆ. ಕುದುರೆ ಮೇವಿನ ಜೊತೆ ಅಂಥ ಜೀರುಂಡೆ ತಿಂದರೆ ಸಾಯುವುದುಂಟು. ಆ ಕ್ಯಾಂಥರಿಡಿನ್‌ನಿಂದ ಒಂದೇ ಒಂದು ಮೀಥೈಲ್ ಗುಂಪನ್ನು ಕಿತ್ತರೆ ಪಲಾಸೋನಿನ್. ಮರವೊಂದು ಕೀಟದ ವಿಷದ ಒಡಹುಟ್ಟನ್ನು ತನ್ನ ಬೀಜದಲ್ಲಿ ಕೂಡಿಟ್ಟಿತ್ತು. 'ಗಿಡಮದ್ದು, ಆದ್ದರಿಂದ ಅಪಾಯವಿಲ್ಲ' ಎನ್ನುವವರು ಒಮ್ಮೆ ಈ ಎರಡು ಅಣುಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಳೆಯ ವೈದ್ಯರಿಗೆ ಇದರ ಸುಳಿವು ಇಲ್ಲದಿರಲಿಲ್ಲ. ಮುತ್ತುಗದ ಬೀಜವನ್ನು ನಿಂಬೆರಸದಲ್ಲಿ ಅರೆದು ಚರ್ಮಕ್ಕೆ ಹಚ್ಚಿದರೆ ಕೆಂಪಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಪಲಾಸೋನಿನ್ ಮಾತ್ರೆಯಾಗಿ ಅಂಗಡಿಗೆ ಬರಲಿಲ್ಲ. ಅದು ಪತ್ತೆಯಾದ ಗಳಿಗೆಯೇ ಹಾಗಿತ್ತು. 1961ರಲ್ಲಿ ಮರ್ಕ್ ಕಂಪನಿಯ ಥಯಾಬೆಂಡಜೋಲ್ ಬಂದು ಜಗತ್ತಿನ ಕುರಿಸಾಕಣೆಯ ಲೆಕ್ಕವನ್ನೇ ಬದಲಿಸಿತ್ತು. ಬೆನ್ನಿಗೇ ಲೆವಾಮಿಸೋಲ್, ಆಲ್ಬೆಂಡಜೋಲ್, 1981ರಲ್ಲಿ ಐವರ್ಮೆಕ್ಟಿನ್. ಗ್ರಾಂಗಟ್ಟಲೆ ಬೀಜದ ಪುಡಿ ಮಾಡುವ ಕೆಲಸವನ್ನು ಮಿಲಿಗ್ರಾಂ ಲೆಕ್ಕದ ಔಷಧ ಇನ್ನೂ ಚೆನ್ನಾಗಿ ಮಾಡುವಾಗ ಬೀಜವನ್ನು ಯಾರು ಕೇಳುತ್ತಾರೆ?

ಹುಳುಗಳೇ ಕೇಳುವಂತೆ ಮಾಡಿದವು. ಥಯಾಬೆಂಡಜೋಲ್ ಬಂದ ಮೂರೇ ವರ್ಷಕ್ಕೆ, 1964ರಲ್ಲಿ, ಅದಕ್ಕೆ ಜಗ್ಗದ ಹೀಮಾಂಕಸ್ ಕಾಣಿಸಿತು. 1976ರಲ್ಲಿ ಭಾರತದ ಕುರಿಗಳಿಂದಲೂ ಅಂಥ ವರದಿ ಬಂತು; ಮುಂದೆ ತಮಿಳುನಾಡಿನ ಕುರಿ ಫಾರಂಗಳಿಂದಲೂ. ಒಂದೇ ಮದ್ದನ್ನು ಎಲ್ಲ ಕುರಿಗೂ, ವರ್ಷಕ್ಕೆ ಮೂರು-ನಾಲ್ಕು ಸಲ, ತೂಕ ನೋಡದೆ ಅಂದಾಜಿನಲ್ಲಿ ಕುಡಿಸಿದ ಫಲ. ಆಗ ಗಿಡಗಳ ಕಡೆ ಮತ್ತೆ ಕಣ್ಣು ತಿರುಗಿತು. ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ತಂಜಾವೂರು ಕೇಂದ್ರದಲ್ಲಿ ಎನ್. ಪುಣ್ಯಮೂರ್ತಿ ಅವರ ತಂಡ ರೈತರ ಮದ್ದುಗಳನ್ನು ಕಲೆಹಾಕಿ, ಅಳತೆ ಗೊತ್ತುಮಾಡಿ, ಮತ್ತೆ ರೈತರಿಗೇ ಕಲಿಸಿತು. ಅವರ ಹುಳುಮದ್ದಿನಲ್ಲಿ ಜೀರಿಗೆ, ಸಾಸಿವೆ, ಮೆಣಸು, ಬೆಳ್ಳುಳ್ಳಿ, ಅರಿಶಿನ, ಬೇವಿನಸೊಪ್ಪು, ಹಾಗಲ, ತುಂಬೆ, ಬಾಳೆದಿಂಡು ಇವೆಲ್ಲ ಇವೆ. ಅರೆದು ಬೆಲ್ಲ ಸೇರಿಸಿ ಉಂಡೆ ಕಟ್ಟಿ, ಉಪ್ಪಿನಲ್ಲಿ ಹೊರಳಿಸಿ ನಾಲಿಗೆಯ ಮೇಲೆ ತಿಕ್ಕುವ ಕ್ರಮ. ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಮೂಲಕ ಈ ಪಾಠ ಕರ್ನಾಟಕದ ಹಾಲಿನ ಸಂಘಗಳಿಗೂ ಮುಟ್ಟಿದೆ. ಕೆಚ್ಚಲಬಾವಿಗೆ ಅವರು ಹೇಳುವ ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನು ಮೆಚ್ಚಿ ಮಾತಾಡುವ ಹೈನುಗಾರರು ಬೇಕಾದಷ್ಟು ಜನ.

ಇನ್ನೊಂದು ಕಡೆ ಕಾಲೇಜುಗಳಲ್ಲಿ ಗಿಡದ ರಸ ಹಿಂಡುವ ಕೆಲಸ ಭರದಿಂದ ನಡೆಯಿತು. ಗಿಡ ಯಾವುದೇ ಇರಲಿ, ಕೊಂಬೆಯೊಂದನ್ನು ಒಣಗಿಸಿ ಕೊಯಮತ್ತೂರಿಗೆ ಕಳಿಸುವುದು ತಮಿಳುನಾಡಿನ ಸಂಶೋಧಕರ ಮಾಮೂಲು. ಭಾರತೀಯ ಸಸ್ಯ ಸಮೀಕ್ಷೆಯ ದಕ್ಷಿಣ ಕೇಂದ್ರ 1955ರಿಂದ ಅಲ್ಲಿದೆ. ಹಳೆಯ ಮದ್ರಾಸ್ ಹರ್ಬೇರಿಯಂ ಕೂಡ ಅಲ್ಲಿಯೇ. ಇದೇ ಗಿಡ ಹೌದು ಎಂದು ಅವರು ಸಂಖ್ಯೆ ಹಾಕಿ ಕೊಟ್ಟ ಚೀಟಿ ನೂರಾರು ಲೇಖನಗಳಲ್ಲಿ ನಮೂದಾಗಿರುತ್ತದೆ. ಮೊಹಿದೀನ್ ಷರೀಫ್ ಒಬ್ಬನೇ ಕೂತು ಮಾಡಿದ ಕೆಲಸಕ್ಕೆ ಈಗೊಂದು ಕಚೇರಿ. ಇಷ್ಟು ಶಿಸ್ತಿನಿಂದ ಗುರುತಿಸಿದ ಗಿಡವನ್ನು ಆಮೇಲೆ ಏನು ಮಾಡುತ್ತಾರೆ? ಹಲವಾರು ಫಾರ್ಮಸಿ ಕಾಲೇಜುಗಳಲ್ಲಿ ಅದರ ರಸವನ್ನು ಎರೆಹುಳುವಿನ ಮೇಲೆ ಸುರಿಯುತ್ತಾರೆ! ಎರೆಹುಳು ಎಷ್ಟು ನಿಮಿಷಕ್ಕೆ ಅಲ್ಲಾಡುವುದು ನಿಲ್ಲಿಸಿತು, ಎಷ್ಟಕ್ಕೆ ಸತ್ತಿತು ಎಂದು ಬರೆದು, ಈ ಗಿಡ ಜಂತುನಾಶಕ ಎಂದು ತೀರ್ಮಾನಿಸುತ್ತಾರೆ. ಮಣ್ಣು ಉಳುವ ಪಾಪದ ಜೀವಿಗೂ ಕುರಿಯ ಹೊಟ್ಟೆಯ ರಕ್ತಪಿಪಾಸುವಿಗೂ ಉದ್ದವಾಗಿ ಇರುವುದನ್ನು ಬಿಟ್ಟರೆ ಹೆಚ್ಚಿನ ನಂಟಿಲ್ಲ. ಕೇಯಸ್ ಪಾದ್ರಿ ಇದ್ದಿದ್ದರೆ ಏನನ್ನುತ್ತಿದ್ದರೋ.

ಕಸಾಯಿಖಾನೆಯಿಂದ ಹೀಮಾಂಕಸ್ ತಂದು ರಸದಲ್ಲಿ ಮುಳುಗಿಸಿ ನೋಡುವುದು ಇದಕ್ಕಿಂತ ಎಷ್ಟೋ ಮೇಲು. ವೆಲ್ಲೂರಿನ ಕಡೆಯ ಸಿ. ಅಬ್ದುಲ್ ಹಕೀಮ್ ಕಾಲೇಜಿನ ಅಬ್ದುಲ್ ರಹುಮಾನ್ ಮತ್ತು ಸಂಗಡಿಗರು ತಮಿಳುನಾಡಿನ ಗಿಡಗಳ ಮೇಲೆ ಇಂಥ ಕೆಲಸ ಬಹಳ ಮಾಡಿದರು. ಆದರೆ ಗಾಜಿನ ತಟ್ಟೆಯಲ್ಲಿ ಗೆದ್ದ ಗಿಡ ಕುರಿಯ ಹೊಟ್ಟೆಯಲ್ಲಿ ಗೆಲ್ಲಬೇಕೆಂದಿಲ್ಲ. ನಾಲ್ಕನೆಯ ಹೊಟ್ಟೆ ಮುಟ್ಟುವ ಮೊದಲು ರಸ ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಲೀಟರ್‌ಗಟ್ಟಲೆ ನೀರು-ಮೇವಿನ ಜೊತೆ ತೆಳ್ಳಗಾಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಮುರಿದು ಹಾಕುತ್ತವೆ. ಕೀನ್ಯಾದ ಜಾನ್ ಗಿಥಿಯೋರಿ 2000ದ ಮೊದಲ ವರ್ಷಗಳಲ್ಲಿ ತನ್ನ ನಾಡಿನ ಪಶುಪಾಲಕರು ಕೊಡುವ ಗಿಡಗಳನ್ನು ಅವರು ಕೊಡುವ ರೀತಿಯಲ್ಲೇ ಕುರಿಗಳಿಗೆ ಕೊಟ್ಟು ಮೊಟ್ಟೆ ಎಣಿಸಿದ. ಹೆಚ್ಚಿನವು ಫಲ ಕೊಡಲಿಲ್ಲ. 2006ರಲ್ಲಿ ಬ್ರೆಜಿಲ್ಲಿನಿಂದ ಬಂದ ವರದಿಯಲ್ಲಿ ಬೇವು ಕೂಡ ಕುರಿಯ ಜಂತುಹುಳುವಿನ ಎದುರು ಸೋತಿತ್ತು. ಬೇವಿನ ಭಕ್ತರಾದ ನಮಗೆ ಇದು ಹಿತವಾದ ಸುದ್ದಿಯಲ್ಲ, ಆದರೂ ಕೇಳಿಸಿಕೊಳ್ಳಬೇಕಾದ್ದು.

ಮದ್ದನ್ನು ಬಿಟ್ಟು ಮೇವನ್ನು ನೋಡುವ ದಾರಿಯೂ ಇದೆ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಕಡೆ 'ಕೊರಂಗಾಡು' ಎಂಬ ಹುಲ್ಲುಗಾವಲುಗಳಿವೆ. ಮುಳ್ಳುಬೇಲಿ ಕಟ್ಟಿದ ಒಣಭೂಮಿ, ಕೆಳಗೆ ಹುಲ್ಲು, ನಡುನಡುವೆ ಬಿಳಿಜಾಲಿ ಮರ. ಹೆಸರಾದ ಕಾಂಗೇಯಂ ಎತ್ತುಗಳು ಬೆಳೆದದ್ದು ಈ ಹುಲ್ಲಿನ ಮೇಲೆ. ಕುರಿ-ಆಡುಗಳು ಉದುರಿದ ಜಾಲಿಕಾಯಿ ಆಯುತ್ತ ಮೇಯುತ್ತವೆ. ಜಾಲಿಯ ಜಾತಿಯ ಮರಗಳಲ್ಲಿ ಒಗರಿನ ಟ್ಯಾನಿನ್ ಹೆಚ್ಚು. ಟ್ಯಾನಿನ್ ಇರುವ ಮೇವು ತಿಂದ ಕುರಿಗಳಲ್ಲಿ ಹುಳುವಿನ ಮೊಟ್ಟೆ ಕಡಿಮೆಯಾಗುವುದನ್ನು 1990ರ ದಶಕದಿಂದ ಹಲವು ದೇಶಗಳಲ್ಲಿ ಕಂಡಿದ್ದಾರೆ. ಎತ್ತರದ ಸೊಪ್ಪು, ಕಾಯಿ ತಿನ್ನುವ ಪ್ರಾಣಿಗೆ ಹುಲ್ಲಿನ ಗರಿಯ ಮೇಲೆ ಕಾದು ಕೂತ ಮರಿಹುಳು ಸಿಗುವುದೂ ಕಡಿಮೆ.

ಮುತ್ತುಗಕ್ಕೆ ಕೊನೆಗೂ ಜೀವಂತ ಕುರಿಯ ಮೇಲೆ ಪರೀಕ್ಷೆ ನಡೆದದ್ದು ಪಾಕಿಸ್ತಾನದ ಫೈಸಲಾಬಾದಿನಲ್ಲಿ. 2006ರಲ್ಲಿ ಪ್ರಕಟವಾದ ಇಕ್ಬಾಲ್ ಮತ್ತು ಸಂಗಡಿಗರ ಲೇಖನದಲ್ಲಿ ಬೀಜದ ಪುಡಿಯನ್ನು ಕುರಿಯ ಪ್ರತಿ ಕೆ.ಜಿ. ತೂಕಕ್ಕೆ 1, 2, 3 ಗ್ರಾಂನಂತೆ ಕೊಟ್ಟಿದ್ದಾರೆ. ಪ್ರಮಾಣ ಏರಿದಂತೆ ಫಲವೂ ಏರಿತು. 3 ಗ್ರಾಂ ಕೊಟ್ಟ ಕುರಿಗಳಲ್ಲಿ ಹತ್ತನೆಯ ದಿನ ಮೊಟ್ಟೆಗಳು ಶೇ. 78.4ರಷ್ಟು ಇಳಿದಿದ್ದವು. ಹೋಲಿಕೆಗೆಂದು ಕೊಟ್ಟ ಲೆವಾಮಿಸೋಲ್ ಶೇ. 99.1 ಇಳಿಸಿತ್ತು. 25 ಕೆ.ಜಿ. ತೂಗುವ ಕುರುಂಬೈ ಕುರಿಗೆ ಈ ಲೆಕ್ಕ ಹಾಕಿದರೆ ಮುತ್ತುಗದ ಪುಡಿ 75 ಗ್ರಾಂ, ಲೆವಾಮಿಸೋಲ್ ಗ್ರಾಮಿನ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ. ನೂರು ಕುರಿಯ ಹಿಂಡಿಗೆ ಒಂದು ಸಲಕ್ಕೆ ಏಳೂವರೆ ಕೆ.ಜಿ. ಬೀಜ ಬೇಕು, ಕಾಯಿಗೊಂದೇ ಬೀಜ ಬಿಡುವ ಮರದಿಂದ.

ಔಷಧ ಕಂಪನಿಯ ಲೆಕ್ಕದಲ್ಲಿ ಶೇ. 78 ನಪಾಸು. ಶೇ. 95ಕ್ಕಿಂತ ಕಡಿಮೆ ಇಳಿದರೆ ಮದ್ದು ಸೋಲುತ್ತಿದೆ ಎಂದೇ ಅರ್ಥ ಮಾಡುತ್ತಾರೆ. ಆದರೆ ಕಳೆದ ಎರಡು-ಮೂರು ದಶಕಗಳಲ್ಲಿ ದಕ್ಷಿಣ ಆಫ್ರಿಕದ ವಾನ್ ವೈಕ್ ಮುಂತಾದವರು ಇನ್ನೊಂದು ವಾದ ಮುಂದಿಟ್ಟಿದ್ದಾರೆ. ಹಿಂಡಿನಲ್ಲಿ ಒಂದಷ್ಟು ಹುಳು ಮದ್ದಿಗೆ ಸಿಗದೆ ಉಳಿಯಬೇಕು. ಆಗ ಮದ್ದಿಗೆ ಬಗ್ಗುವ ತಳಿ ಉಳಿದು, ಜಗ್ಗದ ತಳಿ ಹಿಂಡನ್ನು ಆಳುವುದು ತಡವಾಗುತ್ತದೆ. ಅದಕ್ಕೆಂದೇ ಅವರು ಕುರಿಯ ಕಣ್ಣಿನ ರೆಪ್ಪೆ ಮಗುಚಿ, ಬಣ್ಣದ ಚೀಟಿಯ ಜೊತೆ ಹೋಲಿಸಿ, ಬಿಳಿಚಿದ ಕುರಿಗೆ ಮಾತ್ರ ಮದ್ದು ಕೊಡುವ ಫಮಾಚಾ ಕ್ರಮ ರೂಪಿಸಿದರು. ಕುರುಂಬರ ಕೈಗೆ ಅಭ್ಯಾಸವಿದ್ದ ಕೆಲಸಕ್ಕೆ ಅಲ್ಲಿ ಐದು ಅಂಕದ ಪಟ್ಟಿ ಬಂತು. ಬಿಳಿಚಿದ ಕುರಿಗೆ ಲೆವಾಮಿಸೋಲ್, ಉಳಿದವಕ್ಕೆ ಮುತ್ತುಗದಂಥ ಅರೆಮದ್ದು ಎಂದು ಹಂಚಿದರೆ ಹೇಗೆ ಎನ್ನುವುದು ನನಗೆ ಎರೆಹುಳುವಿನ ನೂರು ಪ್ರಯೋಗಕ್ಕಿಂತ ಬೆಲೆಯುಳ್ಳ ಪ್ರಶ್ನೆಯಾಗಿ ಕಾಣುತ್ತದೆ. ಅದರ ಜೊತೆಗೇ ಪಲಾಸೋನಿನ್ನಿನ ವಿಷದ ಪ್ರಶ್ನೆಯೂ ಇದೆ: ಗಬ್ಬದ ಕುರಿಗೆ ಎಷ್ಟು ಕೊಡಬಹುದು, ಮರಿಗೆ ಎಷ್ಟು, ಎಷ್ಟು ಸಲ? ಫೈಸಲಾಬಾದಿನ ಕುರಿಯ ಉತ್ತರ ಕುರುಂಬೈ ಕುರಿಗೆ ಹಾಗೆಯೇ ಒಪ್ಪಬೇಕೆಂದಿಲ್ಲ. ಹುಲ್ಲು ಬೇರೆ, ಮಳೆ ಬೇರೆ, ಹುಳುಗಳ ಬೆರಕೆಯೂ ಬೇರೆ. ಐಪ್ಪಸಿ ತಿಂಗಳ ಹಿಂಗಾರು ಮಳೆ ನಿಂತು ಎರಡು-ಮೂರು ವಾರ ಕಳೆದ ಮೇಲೆ, ಹಿಂಡನ್ನು ತೂಗಿ, ಮದ್ದು ಕೊಡದ ಒಂದು ಗುಂಪನ್ನೂ ಪಕ್ಕದಲ್ಲಿಟ್ಟುಕೊಂಡು ಇದನ್ನು ಎಣಿಸಬೇಕು. ಅದಕ್ಕೆ ಬೇಕಾದ ಸಾಮಾನು ತಕ್ಕಡಿ, ಗಟ್ಟಿ ಉಪ್ಪುನೀರು, ಸಾಧಾರಣ ಸೂಕ್ಷ್ಮದರ್ಶಕ, ಮತ್ತು 1939ರ ಆ ಗಾಜಿನ ಸ್ಲೈಡು.